ಕಾಡು ಕೊಡದ ವಸ್ತುಗಳು

(ದತ್ತಿ ಉಪನ್ಯಾಸವೊಂದರ ಮುದ್ರಿತ ಪಠ್ಯ)

1770ರ ಮೇ 1ರಂದು ಇಂದಿನ ಕೆಂಟಕಿಯ ಕಾಡಿನಲ್ಲಿ ಡೇನಿಯಲ್ ಬೂನ್ ಎಂಬ ಬೇಟೆಗಾರ ತನ್ನ ತಮ್ಮ ಸ್ಕ್ವೈರ್‌ನನ್ನು ಊರಿಗೆ ಕಳಿಸಿಕೊಟ್ಟ. ಅಪಲೇಶಿಯನ್ ಬೆಟ್ಟಸಾಲು ದಾಟಿ ನಾರ್ತ್ ಕ್ಯಾರೊಲೈನಾಕ್ಕೆ ಹೋಗಿ ಕುದುರೆಗಳನ್ನೂ ಮದ್ದುಗುಂಡನ್ನೂ ತರುವುದು ತಮ್ಮನ ಕೆಲಸ. ಅವನು ಮರಳಿದ್ದು ಜುಲೈ 27ಕ್ಕೆ. ನಡುವಿನ ಮೂರು ತಿಂಗಳು ಅಣ್ಣ ಒಬ್ಬನೇ. ಹದಿನಾಲ್ಕು ವರ್ಷ ಕಳೆದ ಮೇಲೆ ಜಾನ್ ಫಿಲ್ಸನ್ ಎಂಬ ಶಾಲಾಮಾಸ್ತರ ಬೂನ್‌ನ ಕಥೆಯನ್ನು ಅಚ್ಚು ಹಾಕಿಸಿದಾಗ, ಆ ಒಂಟಿತನದಲ್ಲಿ ಏನೇನಿರಲಿಲ್ಲ ಎಂಬ ಪಟ್ಟಿಯೂ ಅದರಲ್ಲಿ ಬಂತು. ರೊಟ್ಟಿ, ಉಪ್ಪು, ಸಕ್ಕರೆ ಇರಲಿಲ್ಲ. ಮಾತಿಗೆ ಮನುಷ್ಯರಿರಲಿಲ್ಲ. ಕೊನೆಗೆ ಒಂದು ಕುದುರೆಯೋ ನಾಯಿಯೋ ಕೂಡ ಇರಲಿಲ್ಲ. ಭಾಷೆಯ ಆಡಂಬರ ಮಾಸ್ತರರದು, ಕೊರತೆಯ ಪಟ್ಟಿ ಬೇಟೆಗಾರನದು ಎಂದು ನಂಬಬಹುದು.

ಆ ಪಟ್ಟಿಯಲ್ಲಿ ಸೇರದೆ ಉಳಿದದ್ದನ್ನೂ ನೋಡಬೇಕು. ಮಾಂಸವಿಲ್ಲ, ಸೂರಿಲ್ಲ, ಹೊದೆಯಲು ಇಲ್ಲ ಎಂದು ಬೂನ್ ಗೊಣಗಿಲ್ಲ. ಅವನ್ನು ಕಾಡು ಕೊಡುತ್ತಿತ್ತು. ಜಿಂಕೆ, ಬೈಸನ್, ಟರ್ಕಿ ಕೋಳಿ ಧಾರಾಳವಾಗಿದ್ದವು. ಮಲಗಲು ಬಂಡೆಯ ಮರೆಯಾದರೂ ಸಾಕಿತ್ತು. ಅಮೆರಿಕದ ಗಡಿನಾಡಿನಲ್ಲಿ ಬದುಕಿ ಉಳಿಯಲು ಏನೇನು ಬೇಕಿತ್ತು ಎಂದು ಕೇಳಿದರೆ ಸಿನಿಮಾ ನೋಡಿದವರು ತಟ್ಟನೆ ಕೋವಿ, ಚಾಕು, ರಕೂನ್ ಚರ್ಮದ ಟೋಪಿ ಎನ್ನುತ್ತಾರೆ. ಬೂನ್ ಆ ಟೋಪಿ ತೊಡುತ್ತಿರಲಿಲ್ಲ. ಅವನದು ಅಂಚು ಅಗಲದ ಫೆಲ್ಟ್ ಹ್ಯಾಟು. ಟೋಪಿಯ ಮಾತು ಬಿಡೋಣ. ನಿಜವಾದ ಪ್ರಶ್ನೆ ಬೇರೆ: ಕಾಡು ಯಾವುದನ್ನು ಕೊಡುತ್ತಿರಲಿಲ್ಲ? ಹೀಗೆ ಕೇಳಿದ ತಕ್ಷಣ ಒಂಟಿ ವೀರನ ಕಥೆ ಸಡಿಲವಾಗುತ್ತದೆ. ಅವನ ಸೊಂಟದ ಚೀಲದಿಂದ ಹೊರಟ ದಾರಿಗಳು ಕಮ್ಮಾರನ ಕುಲುಮೆಗೆ, ಸೀಸದ ಗಣಿಗೆ, ಉಪ್ಪಿನ ಕೊಪ್ಪರಿಗೆಗೆ, ಅವನು ಶತ್ರುವೆಂದು ಕರೆಯುತ್ತಿದ್ದ ಮೂಲನಿವಾಸಿಗಳ ಹೊಲಕ್ಕೆ ಹೋಗಿ ಮುಟ್ಟುತ್ತವೆ.

ಮೊದಲು ಕೋವಿ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತ ನೆಲೆಸಿದ ಜರ್ಮನ್ ಮತ್ತು ಸ್ವಿಸ್ ಕುಶಲಕರ್ಮಿಗಳು ತಮ್ಮ ನಾಡಿನ ಗಿಡ್ಡ, ದಪ್ಪ ನಳಿಗೆಯ ಬೇಟೆ ಕೋವಿಯನ್ನು ಇಲ್ಲಿನ ಕಾಡಿಗೆ ಒಗ್ಗುವಂತೆ ತಿದ್ದಿದರು. ನಳಿಗೆ ಮೂರೂವರೆ ಅಡಿಗೂ ಉದ್ದವಾಯಿತು, ಅದರ ತೂತು ಕಿರಿದಾಯಿತು. ಗುರಿ ನಿಖರವಾಗಲಿ ಎಂದು ಹೀಗೆ ಮಾಡಿದರು ಎನ್ನುವುದು ಅರ್ಧ ಸತ್ಯ. ಉಳಿದರ್ಧ ಉಳಿತಾಯದ ಲೆಕ್ಕ. ಬ್ರಿಟಿಷ್ ಸೈನಿಕನ ಬಂದೂಕಿಗೆ ಬೇಕಾದ ಗುಂಡುಗಳನ್ನು ಎರಕ ಹೊಯ್ದರೆ ಒಂದು ಪೌಂಡ್ ಸೀಸಕ್ಕೆ ಸುಮಾರು 14 ಸಿಗುತ್ತಿದ್ದವು. 0.45 ಅಂಗುಲದ ಗುಂಡಾದರೆ ಅದೇ ಪೌಂಡಿಗೆ 50ರ ಆಸುಪಾಸು. ಮದ್ದೂ ಅದಕ್ಕೆ ತಕ್ಕಂತೆ ಕಡಿಮೆ ಸಾಕು. ಸೀಸ ಸಿಗುವ ಕಡೆಯಿಂದ ನೂರಾರು ಮೈಲಿ ದೂರ ಹೊರಟವನಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹಾರಿಸಿದ ಗುಂಡು ಜಿಂಕೆಯ ಮೈಯಲ್ಲೋ ಮರದ ತೊಗಟೆಯಲ್ಲೋ ಸಿಕ್ಕರೆ ಅದನ್ನು ಚಾಕುವಿನಿಂದ ಕಿತ್ತು ತೆಗೆದು ಮತ್ತೆ ಕರಗಿಸುವವರಿದ್ದರು.

ಆ ಕೋವಿಗೆ ಮದ್ದು ತುಂಬುವುದನ್ನು ಹತ್ತಿರದಿಂದ ನೋಡಿದರೆ ಬೇಟೆಗಾರನ ಮೈಮೇಲಿದ್ದ ಒಂದೊಂದು ಸಾಮಾನೂ ಏಕಿತ್ತು ಎಂದು ತಿಳಿಯುತ್ತದೆ. ಹೆಗಲಿಂದ ಇಳಿಬಿಟ್ಟ ದನದ ಕೊಂಬಿನ ಬಿರಡೆಯನ್ನು ಹಲ್ಲಿನಿಂದ ಕಿತ್ತು, ಮೂಳೆಯಲ್ಲೋ ಜಿಂಕೆಕೊಂಬಿನಲ್ಲೋ ಕೊರೆದ ಪುಟ್ಟ ಅಳತೆಗೆ ಮದ್ದು ಸುರಿಯಬೇಕು. ಅದನ್ನು ನಳಿಗೆಗೆ ಹಾಕಬೇಕು. ಕೊಬ್ಬು ಸವರಿದ ನಾರುಬಟ್ಟೆಯ ತುಂಡನ್ನು ನಳಿಗೆಯ ಬಾಯಿಗೆ ಹಾಸಿ, ಮೇಲೆ ಗುಂಡು ಕೂರಿಸಿ, ಹಿಕರಿ ಮರದ ಗಜದಿಂದ ತಳದವರೆಗೆ ಒತ್ತಬೇಕು. ಕೊನೆಗೆ ಹೊರಗಿನ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಬಿದ್ದರೆ ಗುಂಡು ಹಾರುತ್ತದೆ. ಮಳೆ ಬಿದ್ದರೆ ಅದೂ ಇಲ್ಲ. ಪಳಗಿದ ಕೈಗೂ ಇಷ್ಟಕ್ಕೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಮದ್ದಿಗೆ ಕೊಂಬೇ ಏಕೆಂದರೆ ಅದು ಹಗುರ, ನೀರು ಇಳಿಯದು, ಕಲ್ಲಿಗೆ ತಾಗಿದರೆ ಕಿಡಿ ಹಾರದು. ಈ ಇಡೀ ಸಲಕರಣೆಯಲ್ಲಿ ಪುಕ್ಕಟೆ ಎನ್ನಬಹುದಾದ ವಸ್ತುವೆಂದರೆ ಆ ಕೊಂಬು.

ಮದ್ದಂತೂ ಪುಕ್ಕಟೆಯಾಗಿರಲಿಲ್ಲ. ಅದರ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಹದಿನೆಂಟನೆಯ ಶತಮಾನದಲ್ಲಿ ಬ್ರಿಟಿಷರ ಮದ್ದಿನ ಕಾರ್ಖಾನೆಗಳಿಗೆ ಪೆಟ್ಲುಪ್ಪು ಹೋಗುತ್ತಿದ್ದದ್ದು ಬಹುಪಾಲು ನಮ್ಮ ಬಿಹಾರದಿಂದ. ಪಟ್ನಾ ಸುತ್ತಿನ ಹಳ್ಳಿಗಳಲ್ಲಿ ನೂನಿಯಾ ಜನ ಹಳೆಯ ಗೋಡೆಗಳ ಬುಡದ, ಕೊಟ್ಟಿಗೆಯ ಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಕುದಿಸಿ ಹರಳುಗಟ್ಟಿಸುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಹಡಗು ಅದನ್ನು ಲಂಡನ್ನಿಗೆ ಒಯ್ಯುತ್ತಿತ್ತು. ಇಂಗ್ಲೆಂಡಿನ ಮದ್ದು ತುಂಬಿದ ಕೋವಿ ಓಹಾಯೊ ಕಣಿವೆಯಲ್ಲಿ ಜಿಂಕೆಯನ್ನು ಕೆಡವಿದಾಗ ಅದರ ಹಿಂದೆ ಗಂಗಾತೀರದ ಯಾರದೋ ಬೆವರು ಇರುತ್ತಿತ್ತು. ಗಡಿನಾಡಿನ ಸ್ವಾವಲಂಬನೆಯನ್ನು ಹೊಗಳುವ ಪುಸ್ತಕಗಳಲ್ಲಿ ಈ ಸಾಲು ಸಿಗುವುದು ಅಪರೂಪ.

1774ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕದ ವಸಾಹತುಗಳಿಗೆ ಮದ್ದು ಮತ್ತು ಆಯುಧಗಳ ಸಾಗಣೆಯನ್ನು ನಿಲ್ಲಿಸಿತು. ಸ್ವಾತಂತ್ರ್ಯ ಯುದ್ಧ ಶುರುವಾದ ಮೇಲೆ ಕೆಂಟಕಿಯ ಬೆರಳೆಣಿಕೆಯ ಮರದ ಕೋಟೆಗಳ ಪಾಡು ಕೇಳುವುದೇ ಬೇಡ. 1776ರಲ್ಲಿ ಅವುಗಳಲ್ಲೊಂದಾದ ಹ್ಯಾರೊಡ್ಸ್‌ಬರ್ಗ್‌ನವರು ಜಾರ್ಜ್ ರೋಜರ್ಸ್ ಕ್ಲಾರ್ಕ್ ಎಂಬ ತರುಣನನ್ನೂ ಜಾನ್ ಗೇಬ್ರಿಯಲ್ ಜೋನ್ಸ್‌ನನ್ನೂ ಆರಿಸಿ ವರ್ಜೀನಿಯಾ ಸರ್ಕಾರದ ಬಳಿಗೆ ಕಳಿಸಿದರು. ಮದ್ದನ್ನು ಸಾಲವಾಗಿ ಕೊಡುತ್ತೇವೆ, ಸಾಗಣೆಯ ಹೊಣೆ ನಿಮ್ಮದು ಎಂದಿತು ಸರ್ಕಾರದ ಮಂಡಳಿ. ಕ್ಲಾರ್ಕ್ ಒಪ್ಪಲಿಲ್ಲ. ಕಾಪಾಡಲು ಮನಸ್ಸಿಲ್ಲದ ನಾಡನ್ನು ನಮ್ಮದು ಎನ್ನುವ ಹಕ್ಕೂ ಇರುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಹೊರಡಲು ಅಣಿಯಾದ. ಮಂಡಳಿ ಮಣಿದು 500 ಪೌಂಡ್ ಮದ್ದನ್ನು ಮಂಜೂರು ಮಾಡಿತು. ಪಿಟ್ಸ್‌ಬರ್ಗ್‌ನಿಂದ ದೋಣಿಯಲ್ಲಿ ಓಹಾಯೊ ನದಿಗುಂಟ ಇಳಿಸಿ ತಂದ ಆ ಮದ್ದನ್ನು, ಬೆನ್ನಟ್ಟಿ ಬಂದ ಮೂಲನಿವಾಸಿ ಯೋಧರಿಗೆ ಸಿಗದಂತೆ, ಲೈಮ್‌ಸ್ಟೋನ್ ಕ್ರೀಕ್‌ನ ಆಸುಪಾಸಿನಲ್ಲಿ ಬಚ್ಚಿಟ್ಟರು. ಅದನ್ನು ತರಲು ಹೋದ ಜೋನ್ಸ್ ಡಿಸೆಂಬರಿನಲ್ಲಿ ಹೊಂಚುದಾಳಿಗೆ ಸಿಕ್ಕಿ ಸತ್ತ. ಮದ್ದು ಹ್ಯಾರೊಡ್ಸ್‌ಬರ್ಗ್ ಮುಟ್ಟಿದಾಗ 1777ರ ಜನವರಿ.

ಬೂನ್ಸ್‌ಬರೋ ಎಂಬ ಇನ್ನೊಂದು ಕೆಂಟಕಿ ಕೋಟೆಗೆ ಮದ್ದು ಮಾಡಿಕೊಟ್ಟವನೆಂದು ಹೆಸರಾದವನು ಮಂಕ್ ಎಸ್ಟಿಲ್ ಎಂಬ ಕಪ್ಪು ಗುಲಾಮ. ಕೆಂಟಕಿಯ ಸುಣ್ಣಕಲ್ಲಿನ ಗುಹೆಗಳ ಮಣ್ಣಿನಲ್ಲಿ ಪೆಟ್ಲುಪ್ಪಿದೆ ಎಂಬುದು ಅವನಿಗೆ ತಿಳಿದಿತ್ತು. ಬೂನ್‌ನ ಹೆಸರಿನಲ್ಲಿ ಊರುಗಳಿವೆ, ಜಿಲ್ಲೆಗಳಿವೆ; ಮಂಕ್‌ನ ಹೆಸರು ಸ್ಥಳೀಯ ಇತಿಹಾಸ ಓದುವವರಿಗಷ್ಟೇ ಗೊತ್ತು.

ಮದ್ದಿನ ಮೇಲಿನ ಈ ಅವಲಂಬನೆ ಬಿಳಿಯರಿಗಷ್ಟೇ ಸೀಮಿತವಾಗಿರಲಿಲ್ಲ. ಜಿಂಕೆ ಚರ್ಮದ ವ್ಯಾಪಾರಕ್ಕೆ ಇಳಿದ ಮೂಲನಿವಾಸಿ ಜನಾಂಗಗಳೂ ತಲೆಮಾರುಗಳಿಂದ ಕೋವಿಯಲ್ಲೇ ಬೇಟೆಯಾಡುತ್ತಿದ್ದವು. ಫ್ರೆಂಚರನ್ನು ಸೋಲಿಸಿದ ಗೆಲುವಿನ ಅಮಲಿನಲ್ಲಿ ಬ್ರಿಟಿಷ್ ಸೇನಾಪತಿ ಜೆಫ್ರಿ ಆಮ್ಹರ್ಸ್ಟ್ ಈ ಜನಾಂಗಗಳಿಗೆ ವಾಡಿಕೆಯಂತೆ ಕೊಡುತ್ತಿದ್ದ ಮದ್ದು ಮತ್ತು ಸೀಸದ ಕಾಣಿಕೆಗೆ ಕತ್ತರಿ ಹಾಕಿದ. ಬೇಟೆ ನಿಂತರೆ ಹೊಟ್ಟೆಗೇನು? 1763ರಲ್ಲಿ ಅವರು ಬ್ರಿಟಿಷರ ವಿರುದ್ಧ ಹೂಡಿದ ಪಾಂಟಿಯಾಕ್ ಯುದ್ಧಕ್ಕೆ ಇದೂ ಒಂದು ಕಾರಣ.

ಇನ್ನು ಉಪ್ಪು. ಇದರ ಮುಂದೆ ಕೋವಿಯ ಕಥೆಯೂ ಸಪ್ಪೆ ಎನ್ನಬೇಕು. ಕೊಂದ ಬೈಸನ್‌ನ ಮಾಂಸ ಚಳಿಗಾಲಕ್ಕೆ ಉಳಿಯಬೇಕಾದರೆ ಉಪ್ಪು ಬೇಕು. ಸೀಳಿ ಹೊಗೆಯಲ್ಲಿ ಒಣಗಿಸಬಹುದು ನಿಜ, ಆದರೆ ಹಂದಿ ಸಾಕಿ ವರ್ಷವಿಡೀ ತಿನ್ನುವ ಸಂಸಾರಗಳಿಗೆ ಅದು ಸಾಲದು. ಜೋಸೆಫ್ ಡಾಡ್ರಿಜ್ ಎಂಬ ಪಾದ್ರಿ 1773ರಲ್ಲಿ, ನಾಲ್ಕು ವರ್ಷದ ಮಗುವಾಗಿದ್ದಾಗ, ಮನೆಯವರೊಂದಿಗೆ ಪೆನ್ಸಿಲ್ವೇನಿಯಾದ ಪಶ್ಚಿಮದಂಚಿಗೆ ವಲಸೆ ಬಂದವನು. 1824ರಲ್ಲಿ ಪ್ರಕಟವಾದ ಅವನ ನೆನಪುಗಳು ಈ ವಿಷಯಕ್ಕೆ ಸಿಗುವ ಅತ್ಯುತ್ತಮ ಆಕರ. ಬೂನ್‌ನ ಸಾಹಸಗಳಿಗಿಂತ ಹೆಚ್ಚು ನಂಬಬಹುದಾದದ್ದೂ ಹೌದು, ಏಕೆಂದರೆ ಅದರಲ್ಲಿ ಯಾರೂ ವೀರರಲ್ಲ. ಶರತ್ಕಾಲದ ಬಿತ್ತನೆ ಮುಗಿದ ಮೇಲೆ ನೆರೆಹೊರೆಯವರು ಸೇರಿ ಕುದುರೆಗಳ ಸಾಲು ಕಟ್ಟಿಕೊಂಡು ಬೆಟ್ಟ ದಾಟಿ ಬಾಲ್ಟಿಮೋರ್‌ಗೋ ಫ್ರೆಡ್ರಿಕ್‌ಗೋ ಹೋಗುತ್ತಿದ್ದರಂತೆ. ವರ್ಷವೆಲ್ಲ ಕೂಡಿಟ್ಟ ಚರ್ಮ ಕೊಟ್ಟು ಉಪ್ಪು ಮತ್ತು ಕಬ್ಬಿಣ ಕೊಳ್ಳುತ್ತಿದ್ದರು. ಒಂದು ಕುದುರೆ ಹೊರುತ್ತಿದ್ದದ್ದು ಎರಡು ಬುಶೆಲ್ ಉಪ್ಪು. ಬೆಟ್ಟದ ಆಚೆ ತಲುಪಿದ ಒಂದು ಬುಶೆಲ್ಲಿಗೆ ಬೆಲೆ ಒಂದು ಹಸು ಮತ್ತು ಅದರ ಕರು.

ಇಷ್ಟು ಕೊಡಲಾರದವರು ಉಪ್ಪಿನ ಊಟೆಗಳಿಗೆ ಹೋಗಿ ನೀರು ಕಾಯಿಸುತ್ತಿದ್ದರು. ಕೆಂಟಕಿಯ ಲೋವರ್ ಬ್ಲೂ ಲಿಕ್ಸ್‌ನಲ್ಲಿ ಒಂದು ಬುಶೆಲ್ ಉಪ್ಪಿಗೆ ಸುಮಾರು 840 ಗ್ಯಾಲನ್ ನೀರು, ಅಂದರೆ ಮೂರು ಸಾವಿರ ಲೀಟರಿಗೂ ಹೆಚ್ಚು, ಇಂಗಿಸಬೇಕಿತ್ತು. ಹಗಲೂ ರಾತ್ರಿ ಸೌದೆ ಕಡಿಯಬೇಕು, ಬೆಂಕಿ ಆರದಂತೆ ನೋಡಿಕೊಳ್ಳಬೇಕು. ಮೇಲೇಳುವ ಹೊಗೆಯೋ, ನಾವಿಲ್ಲಿದ್ದೇವೆ ಎಂದು ಹತ್ತಾರು ಮೈಲಿಯವರೆಗೆ ಸಾರುತ್ತದೆ. 1778ರ ಜನವರಿಯಲ್ಲಿ ಬೂನ್ 30 ಜನರನ್ನು ಕಟ್ಟಿಕೊಂಡು ಅಲ್ಲಿಗೆ ಹೋದ. ಫೆಬ್ರವರಿಯಲ್ಲಿ, ತಂಡಕ್ಕೆ ಮಾಂಸ ತರಲೆಂದು ಒಬ್ಬನೇ ಹೋಗಿದ್ದಾಗ, ಶಾನೀ ಎಂಬ ಮೂಲನಿವಾಸಿ ಜನಾಂಗದ ಯೋಧರ ಕೈಗೆ ಸಿಕ್ಕ. ಅವರು ಬೂನ್ಸ್‌ಬರೋ ಮೇಲೆ ಏರಿ ಹೊರಟಿದ್ದರು. ಕೋಟೆಯಲ್ಲಿ ಉಳಿದಿದ್ದವರು ಹೆಚ್ಚಾಗಿ ಹೆಂಗಸರು ಮಕ್ಕಳು. ಉಪ್ಪು ಕಾಯಿಸುತ್ತಿದ್ದವರು ಜಗಳವಿಲ್ಲದೆ ಶರಣಾಗುವಂತೆ ಮಾಡುತ್ತೇನೆ, ಕೋಟೆಯನ್ನು ಸದ್ಯಕ್ಕೆ ಬಿಡಿ ಎಂದು ಬೂನ್ ಚೌಕಾಸಿ ಮಾಡಿದ. ಹಾಗೆಯೇ ಆಯಿತು. ಜೂನ್‌ನಲ್ಲಿ ತಪ್ಪಿಸಿಕೊಂಡು ನಾಲ್ಕು ದಿನದಲ್ಲಿ 160 ಮೈಲಿ ಕ್ರಮಿಸಿ, ದಾರಿಯಲ್ಲಿ ಒಂದೇ ಹೊತ್ತು ಉಂಡು, ಕೋಟೆ ಸೇರಿದ. ಸೇರಿದವನ ಮೇಲೆ ಸ್ವಂತ ಜನರೇ ದ್ರೋಹದ ಆಪಾದನೆ ಹೊರಿಸಿ ವಿಚಾರಣೆ ನಡೆಸಿದರು. ಅವನು ನಿರ್ದೋಷಿಯೆಂದು ತೀರ್ಪಾಯಿತು. ಇದಕ್ಕೆಲ್ಲ ಮೂಲ, ಉಪ್ಪು ಮುಗಿದದ್ದು.

ಕಬ್ಬಿಣದ ಲೆಕ್ಕ ಇಷ್ಟು ರೋಚಕವಲ್ಲ. 1775ರಲ್ಲಿ ಬೂನ್ ಮತ್ತು ಸುಮಾರು 30 ಕೊಡಲಿಗಾರರು ಕಂಬರ್ಲೆಂಡ್ ಕಣಿವೆಯ ಮೂಲಕ ಕಡಿದ ದಾರಿಯಲ್ಲಿ ಗಾಡಿ ಓಡಲು 1796ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಬಂದದ್ದೆಲ್ಲ ಕುದುರೆ ಬೆನ್ನಿನ ಮೇಲೆ. ಆದ್ದರಿಂದ ಜನ ಕೊಡಲಿಯ ತಲೆ ತರುತ್ತಿದ್ದರು, ಕಾವು ಅಲ್ಲೇ ಕೆತ್ತುತ್ತಿದ್ದರು. ಬೈರಿಗೆಯ ಮೊನೆ ತರುತ್ತಿದ್ದರು, ಹಿಡಿ ಅಲ್ಲೇ ಮಾಡುತ್ತಿದ್ದರು. ಮೊಳೆಯನ್ನಂತೂ ಮರೆತೇಬಿಟ್ಟಿದ್ದರು. ಅದು ಎಷ್ಟು ದುಬಾರಿಯಾಗಿತ್ತೆಂದರೆ, 1645ರಲ್ಲೇ ವರ್ಜೀನಿಯಾದಲ್ಲಿ ಜಾಗ ಬಿಟ್ಟು ಹೋಗುವವರು ಮೊಳೆಯ ಆಸೆಗೆ ತಮ್ಮ ಮನೆಗಳನ್ನು ಸುಡಬಾರದೆಂದು ಕಾನೂನು ಮಾಡಬೇಕಾಗಿತ್ತು. ದಿಮ್ಮಿಗಳ ತುದಿ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸುವ ಮನೆಗೆ ಮೊಳೆ ಬೇಡ. ಆ ವಿದ್ಯೆ ಇಂಗ್ಲಿಷರದ್ದಲ್ಲ. 1638ರಿಂದ ಡೆಲವೇರ್ ನದಿಯ ದಂಡೆಯಲ್ಲಿ ನೆಲೆಸಿದ ಸ್ವೀಡಿಷ್ ಮತ್ತು ಫಿನ್ನಿಷ್ ಜನ ತಂದದ್ದು. ಹಾಗೆಯೇ ಅಮೆರಿಕದ ಕೊಡಲಿ ಯೂರೋಪಿನದಕ್ಕಿಂತ ಬೇರೆ ರೂಪ ತಾಳಿತು. ಬೆನ್ನು ಭಾರವಾಯಿತು, ಬಾಯಿ ಗಿಡ್ಡವಾಯಿತು, ಬೀಸಿದಾಗ ಕೈಯಲ್ಲಿ ತೂಗಾಡದೆ ನೆಟ್ಟಗೆ ಕಚ್ಚುವಂತಾಯಿತು.

ಬೆಂಕಿಗೆ ಚಕಮಕಿ, ಉಕ್ಕಿನ ತುಂಡು, ಗಾಳಿಯಾಡದ ಡಬ್ಬಿಯಲ್ಲಿ ಸುಟ್ಟು ಕಪ್ಪಾಗಿಸಿದ ಹತ್ತಿಬಟ್ಟೆ. ತೂಕ ಹತ್ತಿಪ್ಪತ್ತು ತೊಲ. ಇದರ ಬೆಲೆ ಅರಿತವನೆಂದರೆ ಹ್ಯೂ ಗ್ಲಾಸ್ ಎಂಬ ಬೇಟೆಗಾರ. 1823ರಲ್ಲಿ ಇಂದಿನ ಸೌತ್ ಡಕೋಟಾದಲ್ಲಿ ಕರಡಿಯೊಂದು ಅವನ ಮೈಯನ್ನು ಸೀಳಿತು. ಕಾವಲಿಗೆ ಬಿಟ್ಟಿದ್ದ ಇಬ್ಬರು, ಇವನು ಹೇಗೂ ಸಾಯುತ್ತಾನೆಂದು ಕೋವಿ, ಚಾಕು, ಚಕಮಕಿ ಎಲ್ಲವನ್ನೂ ಎತ್ತಿಕೊಂಡು ಹೋದರು. ಗ್ಲಾಸ್ ತೆವಳುತ್ತ, ಕುಂಟುತ್ತ ಇನ್ನೂರಕ್ಕೂ ಹೆಚ್ಚು ಮೈಲಿ ದೂರದ ಫೋರ್ಟ್ ಕಯೊವಾ ಸೇರಿದ. ಮರುವರ್ಷ ಅರಿಕಾರಾ ಜನರ ದಾಳಿಯಲ್ಲಿ ಮತ್ತೊಮ್ಮೆ ಕೋವಿ ಕಳೆದುಕೊಂಡು ಒಬ್ಬನೇ ಉಳಿದ. ಆದರೆ ಈ ಸಲ ಚೀಲದಲ್ಲಿ ಚಾಕು, ಚಕಮಕಿ, ಉಕ್ಕು ಮೂರೂ ಇದ್ದವು. ಅವನ್ನು ಕಂಡಾಗ ಸಿರಿವಂತನಾದಂತೆ ಅನ್ನಿಸಿತು ಎಂದು ಅವನು ಹೇಳಿದ್ದಾಗಿ 1825ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದು ಬರೆಯಿತು. ಕರಡಿಯ ಕಥೆ ಸಿನಿಮಾ ಆಯಿತು. ಈ ಎರಡನೆಯ ಪ್ರಯಾಣವೇ ಹೆಚ್ಚು ಕಲಿಸುವಂಥದ್ದು.

ಊಟದ ವಿಷಯಕ್ಕೆ ಬಂದರೆ ಋಣವೆಲ್ಲ ಮೂಲನಿವಾಸಿಗಳಿಗೆ ಸಲ್ಲಬೇಕು. ಮರದ ಸುತ್ತ ತೊಗಟೆ ಕಿತ್ತು ಒಣಗಲು ಬಿಟ್ಟು, ನಡುವೆ ನೇಗಿಲಿಲ್ಲದೆ ಗುಪ್ಪೆ ಮಾಡಿ ಮುಸುಕಿನ ಜೋಳ, ಅವರೆಯಂಥ ಬಳ್ಳಿ, ಕುಂಬಳ ಒಟ್ಟಿಗೆ ಹಾಕುವ ಬೇಸಾಯ ಅವರದು. ಬೂದಿನೀರಿನಲ್ಲಿ ಜೋಳವನ್ನು ಬೇಯಿಸಿ ಸಿಪ್ಪೆ ತೆಗೆಯುವ ಕ್ರಮವೂ ಅವರದೇ; ಅದರಿಂದ ಜೋಳದಲ್ಲಿನ ನಿಯಾಸಿನ್ ಮೈಗೆ ಹತ್ತುತ್ತದೆ. ಈ ಕ್ರಮವನ್ನು ಕೈಬಿಟ್ಟು ಜೋಳವನ್ನೇ ನಂಬಿದ ದಕ್ಷಿಣದ ಬಡವರನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆಲಾಗ್ರ ಎಂಬ ನಿಯಾಸಿನ್ ಕೊರತೆಯ ರೋಗ ಕಾಡಿತು. ದಾರಿಯ ಬುತ್ತಿಯಂತೂ ನಮ್ಮ ಹುರಿಹಿಟ್ಟೇ. ಬಿಸಿಬೂದಿಯಲ್ಲಿ ಜೋಳ ಹುರಿದು ಕುಟ್ಟಿ ಪುಡಿ ಮಾಡಿ, ಹಸಿವಾದಾಗ ನೀರಿಗೆ ಕಲಸಿ ತಿನ್ನುವುದು. ಸುಮಾರು ಇನ್ನೂರು ಮೂಲನಿವಾಸಿಗಳ ಜೊತೆ ನೂರು ಮೈಲಿಯ ಹತ್ತಿರ ಕಾಡು ಹಾದಿ ನಡೆದ ರೋಜರ್ ವಿಲಿಯಮ್ಸ್ ಎಂಬ ಪಾದ್ರಿ, ಒಬ್ಬೊಬ್ಬರ ಬೆನ್ನಿನಲ್ಲೂ ಇದರ ಪುಟ್ಟ ಬುಟ್ಟಿ ಇತ್ತು, ಮೂರು ನಾಲ್ಕು ದಿನಕ್ಕೆ ಅಷ್ಟು ಸಾಕು ಎಂದು 1643ರಲ್ಲೇ ಬರೆದಿದ್ದ.

ಈ ಹಿಟ್ಟು ಮುಗಿದರೆ ಏನಾಗುತ್ತದೆ ಎಂಬುದನ್ನು ಡಾಡ್ರಿಜ್ ಮನೆಯ ಮೊದಲ ವರ್ಷ ತೋರಿಸುತ್ತದೆ. ಬೆಟ್ಟದಾಚೆಯಿಂದ ತಂದಿದ್ದ ಹಿಟ್ಟು ಹೊಸ ಬೆಳೆಗೆ ಆರು ವಾರ ಮೊದಲೇ ತೀರಿತು. ಕೊಬ್ಬಿಲ್ಲದ ಜಿಂಕೆ ಮಾಂಸವನ್ನೂ ಟರ್ಕಿಯ ಎದೆಮಾಂಸವನ್ನೂ ರೊಟ್ಟಿ ಎಂದು, ಕರಡಿಯದನ್ನು ಮಾಂಸ ಎಂದು ಕರೆಯಲು ದೊಡ್ಡವರು ಮಕ್ಕಳಿಗೆ ಕಲಿಸಿದರು. ಹೆಸರು ಬದಲಾದರೂ ಹೊಟ್ಟೆ ಮೋಸ ಹೋಗಲಿಲ್ಲ. ಎಷ್ಟು ತಿಂದರೂ ಏನೋ ಖಾಲಿ. ಆಲೂಗಡ್ಡೆಯ ಸಸಿ, ಕುಂಬಳದ ಹೀಚು ಎಷ್ಟು ಬೆಳೆದಿದೆ ಎಂದು ಮಕ್ಕಳು ಕಾದು ನೋಡುತ್ತಿದ್ದರು. ಎಳೆಯ ಜೋಳದ ತೆನೆ ಸುಡುವ ದಿನ ಬಂದಾಗ ಮನೆಗೆ ಹಬ್ಬ.

ಬಟ್ಟೆಯ ಬಗ್ಗೆ ಒಂದೆರಡು ಮಾತು ಸಾಕು. ಜಿಂಕೆಯ ಚರ್ಮ ಹದ ಮಾಡಲು ಅದರದ್ದೇ ಮಿದುಳು ಸಾಕಿತ್ತು. ಆದರೆ ಒದ್ದೆಯಾದ ಚರ್ಮದ ಉಡುಪು ಮೈ ಕೊರೆಯುತ್ತದೆ. ಆದ್ದರಿಂದ ಹೆಚ್ಚಿನವರು ನಾರುಬಟ್ಟೆಯ ದೊಗಲೆ ಅಂಗಿ ತೊಟ್ಟು ಸೊಂಟಪಟ್ಟಿ ಬಿಗಿಯುತ್ತಿದ್ದರು. ಎದೆಯ ಭಾಗ ಜೋಳಿಗೆಯಾಗಿ ರೊಟ್ಟಿ, ಒಣಮಾಂಸ ಅದರೊಳಗೆ ಹೋಗುತ್ತಿತ್ತು. ನಾರಿಗಾಗಿ ಅಗಸೆ ಬೆಳೆಯುವವರೆಗೆ ಏನು ಗತಿ? ಹ್ಯಾರೊಡ್ಸ್‌ಬರ್ಗ್‌ಗೆ ಕುದುರೆಯ ಮೇಲೆ ನೂಲುವ ರಾಟೆ ತಂದ ಆನ್ ಮೆಗಿಂಟಿ, ಚಳಿಗಾಲದಲ್ಲಿ ಕೊಳೆತ ತುರಿಕೆ ಗಿಡದ ನಾರನ್ನೂ ಬೈಸನ್‌ನ ಉಣ್ಣೆಯನ್ನೂ ಸೇರಿಸಿ ನೇಯ್ದು ತೋರಿಸಿದಳು. ಕೋವಿಗಳ ಪಕ್ಕದಲ್ಲಿ ಆ ರಾಟೆಗೂ ಒಂದು ಜಾಗ ಸಲ್ಲಬೇಕು.

ಹೆಚ್ಚೇನೂ ಸಲಕರಣೆ ಇಲ್ಲದೆ ಕಾಡು ದಾಟಿದವರಲ್ಲಿ ಮೇರಿ ಡ್ರೇಪರ್ ಇಂಗಲ್ಸ್‌ಳ ಕಥೆ ದೊಡ್ಡದು. 1755ರ ಜುಲೈಯಲ್ಲಿ ವರ್ಜೀನಿಯಾದ ಡ್ರೇಪರ್ಸ್ ಮೆಡೋದಿಂದ ಶಾನೀ ಜನ ಅವಳನ್ನು ಸೆರೆಯೊಯ್ದರು. ಬಿಗ್ ಬೋನ್ ಲಿಕ್ ಎಂಬ ಉಪ್ಪಿನ ಊಟೆಯಲ್ಲಿ ಉಪ್ಪು ಕಾಯಿಸುವ ಕೆಲಸಕ್ಕೆ ಹಚ್ಚಿದ್ದರು. ಜೊತೆಯಲ್ಲಿದ್ದ ವಯಸ್ಸಾದ ಜರ್ಮನ್ ಹೆಂಗಸೊಬ್ಬಳೊಂದಿಗೆ ಓಡಿಹೋಗುವ ದಿನ, ಪ್ರಾಚೀನ ಆನೆಯ ಮೂಳೆಯೊಂದರ ಮೇಲೆ ಕುಳಿತು ವಾಲ್‌ನಟ್ ಒಡೆಯುತ್ತಿದ್ದ ಫ್ರೆಂಚನ ಬಳಿ ತನ್ನ ಕೈಗೊಡಲಿ ಕೊಟ್ಟು ಅವನದನ್ನು ಬದಲಾಯಿಸಿಕೊಂಡಳು ಎಂದು ಅವಳ ಮಗ ಬರೆದಿಟ್ಟಿದ್ದಾನೆ. ಕೈಯಲ್ಲಿದ್ದದ್ದು ಆ ಕೊಡಲಿ ಮತ್ತು ಇಬ್ಬರಿಗೆ ಒಂದೊಂದು ಕಂಬಳಿ. ಇಬ್ಬರಿಗೂ ಈಜು ಬಾರದು. ಓಹಾಯೊಗೆ ಬಂದು ಸೇರುವ ದೊಡ್ಡ ಉಪನದಿ ಎದುರಾದಾಗಲೆಲ್ಲ ನೀರು ಆಳವಿಲ್ಲದ ಕಡೆಯವರೆಗೆ ದಂಡೆಗುಂಟ ಮೇಲೆ ನಡೆದು, ದಾಟಿ, ಮತ್ತೆ ಕೆಳಗೆ ಬರಬೇಕಾಯಿತು. ದಾರಿಯಲ್ಲಿ ಸಿಕ್ಕ ಗಂಟೆ ಕಟ್ಟಿದ ಮುದಿ ಕುದುರೆಯನ್ನು ಒಂದು ನದಿ ದಾಟುವಾಗ ಕಳೆದುಕೊಂಡರು. ಬೇರು, ಕಾಯಿ ತಿಂದು ಬದುಕಿದರು. ಕೊನೆಕೊನೆಗೆ ಹಸಿವು ತಾಳದೆ ಆ ಮುದುಕಿ ಮೇರಿಯನ್ನೇ ಕೊಲ್ಲಲು ಬಂದಳು. ಆರು ವಾರ, ಐನೂರಕ್ಕೂ ಹೆಚ್ಚು ಮೈಲಿ. ಮೇರಿ ನೆರೆಯವನೊಬ್ಬನ ಜೋಳದ ಹೊಲ ತಲುಪಿದಾಗ ಚಳಿಗಾಲ ಶುರುವಾಗಿತ್ತು.

ಅರ್ಧ ಶತಮಾನ ಕಳೆದು ಮೆರಿವೆದರ್ ಲೂಯಿಸ್ ಎಂಬ ಸೇನಾಧಿಕಾರಿ ತನ್ನ ತಂಡದೊಂದಿಗೆ ಪಶ್ಚಿಮ ಸಾಗರಕ್ಕೆ ಹೊರಡುವಾಗ ಈ ಪಾಠಗಳೆಲ್ಲ ಅವನ ಪಟ್ಟಿಯಲ್ಲಿದ್ದವು. 1803ರಲ್ಲಿ ಫಿಲಡೆಲ್ಫಿಯಾದಲ್ಲಿ ಅವನು ಕೊಂಡ ಸಾಮಾನಿನಲ್ಲಿ 193 ಪೌಂಡ್ ಒಣಸೂಪು ಇತ್ತು, ಬೆಲೆ 289 ಡಾಲರ್ 50 ಸೆಂಟ್. ನಿಜವಾದ ಜಾಣತನ ಕಂಡದ್ದು ಮದ್ದಿನ ಡಬ್ಬಿಗಳಲ್ಲಿ. 52 ಡಬ್ಬಿಗಳನ್ನು ಸೀಸದಲ್ಲೇ ಮಾಡಿಸಿದ. ಒಂದೊಂದರೊಳಗೆ ನಾಲ್ಕು ಪೌಂಡ್ ಮದ್ದು. ಖಾಲಿಯಾದ ಡಬ್ಬಿಯನ್ನು ಕರಗಿಸಿದರೆ ಅಷ್ಟು ಮದ್ದಿಗೆ ಬೇಕಾದ ಎಂಟು ಪೌಂಡ್ ಸೀಸ. ದೋಣಿ ಮಗುಚಿ ನೀರಿಗೆ ಬಿದ್ದರೂ ಮದ್ದು ಒದ್ದೆಯಾಗಲಿಲ್ಲ. ಪೆಸಿಫಿಕ್ ದಂಡೆಯಲ್ಲಿ 1806ರ ಆರಂಭದಲ್ಲಿ ಅವನ ಜನ ಕಡಲನೀರು ಕಾಯಿಸಿ ಉಪ್ಪನ್ನೂ ಮಾಡಿಕೊಂಡರು; ಲೂಯಿಸ್‌ಗೆ ಅದೇ ಸಂಭ್ರಮ, ಜೊತೆಗಾರ ವಿಲಿಯಂ ಕ್ಲಾರ್ಕ್‌ಗೆ ಉಪ್ಪಿದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಮರಳುವಾಗ ಮದ್ದು, ಸೀಸ ಬೇಕಾದಷ್ಟು ಉಳಿದಿತ್ತು. ಮುಗಿದಿದ್ದದ್ದು ವಿನಿಮಯಕ್ಕೆ ಕೊಡುವ ಮಣಿಗಳು, ಅದರಲ್ಲೂ ಎಲ್ಲರೂ ಕೇಳುತ್ತಿದ್ದ ನೀಲಿ ಮಣಿಗಳು. ಆ ಮೇ ಮತ್ತು ಜೂನ್‌ನಲ್ಲಿ, ಇಂದಿನ ಐಡಹೋದ ಬೆಟ್ಟಗಳ ಹಿಮ ಕರಗಲೆಂದು ತಂಡ ಕ್ಲಿಯರ್‌ವಾಟರ್ ನದಿಯ ಬಳಿ ಕಾಯುತ್ತ ಕುಳಿತಿತ್ತು. ಬೇಟೆ ಸಾಲದು, ತಿನ್ನಬೇಕಾದರೆ ನೆಜ್ ಪರ್ಸ್ ಜನರು ಅಗೆದು ಒಣಗಿಸಿದ ಗಡ್ಡೆಗಳನ್ನೇ ಕೊಳ್ಳಬೇಕು. ಇಬ್ಬರು ನಾಯಕರೂ ತಮ್ಮ ಕೋಟಿನ ಗುಂಡಿಗಳನ್ನು ಕತ್ತರಿಸಿ, ಕಣ್ಣಿನ ಔಷಧಿ, ಮುಲಾಮು, ಖಾಲಿ ಸೀಸೆಗಳ ಜೊತೆ ಗಂಟು ಕಟ್ಟಿ, ಮೆಕ್ನೀಲ್ ಎಂಬ ಸಿಪಾಯಿಯನ್ನೂ ಕ್ಲಾರ್ಕ್‌ನ ಗುಲಾಮ ಯಾರ್ಕ್‌ನನ್ನೂ ಊರೊಳಗೆ ಕಳಿಸಿದರು. ಜೂನ್ 2ರ ಸಂಜೆ ಅವರು ಸುಮಾರು ಮೂರು ಬುಶೆಲ್ ಗಡ್ಡೆ, ಒಂದಷ್ಟು ರೊಟ್ಟಿ ಹೊತ್ತು ತಂದರು.